ನಿಮ್ಮ ದೊಡ್ಡವ್ವನವರಿಗೆ ಈ ಫೋಟೊಗಳನ್ನು ತೋರಿಸು

ಧಾರವಾಡ

ಪ್ರಿಯ ಗೆಳೆಯಾ,

ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹಳೆಯ ಛಾಯಾಚಿತ್ರಗಳನ್ನು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದಲ್ಲಿ ಈಗ ಮನೆಯಲ್ಲಿಯೇ ಕುಳಿತು ನೋಡಬಹುದು. ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಿಮ್ಮ ಬೆಟಗೇರಿಗೆ ಬಂದು ನೆಲೆಸಿದವರಾದ್ದರಿಂದ ಅದರಲ್ಲಿ ಕನ್ನಡ ನಾಡಿನ ಮುಖಗಳೂ ಇವೆ. ಪಾದ್ರಿಯ ಹೆಸರು ಸ್ಪಷ್ಟವಾಗಿ ಬರೆದಿರುವ ಕಡೆಯಲ್ಲಿಯೂ ಪಕ್ಕದಲ್ಲಿ ನಿಂತವರ ಕಸುಬನ್ನೋ ಜಾತಿಯನ್ನೋ ಊರನ್ನೋ ಮಾತ್ರ ಬರೆದು ಬಿಟ್ಟಿರುವುದನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ.

ಇವರ ಹೆಸರು ಕಾಲಾಂತರದಲ್ಲಿ ಕಳೆದುಹೋಯಿತೆನ್ನುವುದು ಸರಿಯಲ್ಲ, ಅದನ್ನು ಆಗಲೇ ಯಾರೂ ಕೇಳಲಿಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಭಾರತ ಸರ್ಕಾರ ಎಂಟು ಸಂಪುಟಗಳಲ್ಲಿ ನಮ್ಮ ದೇಶದ ಜನರ ಛಾಯಾಚಿತ್ರಗಳನ್ನು ಪ್ರಕಟಿಸಿದಾಗಲೂ ಮನುಷ್ಯರನ್ನು ಜಾತಿ ಮತ್ತು ಬುಡಕಟ್ಟುಗಳ ಮಾದರಿಗಳಂತೆಯೇ ಜೋಡಿಸಿತ್ತು. ನಮ್ಮ ಮನೆಗಳ ಟ್ರಂಕಿನಲ್ಲಿರುವ ಫೋಟೊಗಳ ಸಂಗತಿ ಇದಕ್ಕೆ ತೀರ ಬೇರೆ: ಅಲ್ಲಿ ಮನೆಯವರೆಲ್ಲರಿಗೂ ಗೊತ್ತಿದ್ದ ಮುಖಕ್ಕೆ ಹೆಸರು ಬರೆಯುವ ಅಗತ್ಯವೇ ಕಾಣಲಿಲ್ಲ. ಈ ಎರಡು ಬಗೆಯ ಚಿತ್ರಗಳೂ ಗ್ರಂಥಾಲಯದ ಪಟ್ಟಿಗೆ ಸೇರಿದಾಗ 'ಗುರುತು ಸಿಗದ ವ್ಯಕ್ತಿ' ಎಂಬ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ. ಪಟ್ಟಿ ಮಾಡುವವರು ಈ ಭೇದವನ್ನಾದರೂ ನಮೂದಿಸಬೇಕೆಂಬುದು ನನ್ನ ಆಗ್ರಹ.

ಹೆಸರು ತಿಳಿಯದಿದ್ದರೂ ಕಾಲವನ್ನು ಒಂದಿಷ್ಟು ಹಿಡಿಯಬಹುದು. ಅಂಗೈಯಗಲದ ರಟ್ಟಿಗೆ ಅಂಟಿಸಿದ ಸಣ್ಣ ಭಾವಚಿತ್ರದ ಪದ್ಧತಿಗೆ ಪ್ಯಾರಿಸ್ಸಿನ ಛಾಯಾಗ್ರಾಹಕ ಡಿಸ್ಡೇರಿ 1854ರಲ್ಲಿ ಪೇಟೆಂಟ್ ಪಡೆದನು. ಅದಕ್ಕಿಂತ ದೊಡ್ಡದಾದ ಕ್ಯಾಬಿನೆಟ್ ಕಾರ್ಡು 1860ರ ದಶಕದಲ್ಲಿ ರೂಢಿಗೆ ಬಂದಿತು. ರಟ್ಟಿನ ಹಿಂಬದಿಯಲ್ಲಿ ಸ್ಟುಡಿಯೋದ ವಿಳಾಸವಿದ್ದರೆ ಊರೂ ತಿಳಿಯುತ್ತದೆ. ಉಡುಪಿನ ಸಾಕ್ಷ್ಯವನ್ನು ಮಾತ್ರ ಎಚ್ಚರದಿಂದ ಓದಬೇಕು, ಏಕೆಂದರೆ ಕೋಟು, ಕೈಗಡಿಯಾರಗಳು ಎರವಲಾಗಿರಬಹುದು. ಇನ್ನೊಂದು ಮಾತು: ಸೆರಗು ಬಲಭುಜದ ಮೇಲಿರುವುದನ್ನು ಕಂಡ ಹೊರಗಿನವರು ಚಿತ್ರವೇ ತಿರುಗುಮುರುಗಾಗಿ ಅಚ್ಚಾಗಿದೆಯೆಂದು ಭಾವಿಸುವ ಸಾಧ್ಯತೆಯಿದೆ. ಬಲಸೆರಗು ಹೊದ್ದು ತಲೆ ಮುಚ್ಚಿಕೊಳ್ಳುವ ಹೆಂಗಸರನ್ನು ನೋಡುತ್ತಲೇ ಬೆಳೆದ ನಮಗೆ ಆ ಸಂಶಯ ಬಾರದು. ಇಳಕಲ್ ಸೀರೆಯ ದಡಿ, ಗುಳೇದಗುಡ್ಡದ ಖಣ, ಕೊರಳಲ್ಲಿಯ ಇಷ್ಟಲಿಂಗದ ಬೆಳ್ಳಿ ಕರಡಿಗೆ, ರುಮಾಲು ಸುತ್ತಿದ ರೀತಿ ಇವೆಲ್ಲವನ್ನೂ ಓದಬಲ್ಲವರು ನಮ್ಮ ಓಣಿಗಳಲ್ಲಿಯೇ ಇದ್ದಾರೆ, ಆದರೆ ಅವರಲ್ಲಿ ಬಹುತೇಕರಿಗೆ ಎಂಬತ್ತು ದಾಟಿದೆ.

ಆದ್ದರಿಂದ ನಿನ್ನಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ದೊಡ್ಡವ್ವನವರು ಮಗ್ಗದ ಮನೆಯಲ್ಲಿ ಬೆಳೆದವರು, ಬೆಟಗೇರಿಯ ಹಳೆಯ ಮನೆತನಗಳನ್ನು ಬಲ್ಲವರು. ಮೊದಲು ನಿಮ್ಮ ಟ್ರಂಕಿನ ಫೋಟೊಗಳನ್ನೂ ಆಮೇಲೆ ಬೆಟಗೇರಿಯವೆಂದು ನಮೂದಾಗಿರುವ ಮಿಷನ್ ಚಿತ್ರಗಳನ್ನೂ ಅವರಿಗೆ ದೊಡ್ಡದಾಗಿ ಮಾಡಿ ತೋರಿಸು. 'ಇವರು ಇಂಥವರಲ್ಲವೇ' ಎಂದು ನೀನೇ ಹೆಸರು ಸೂಚಿಸಬೇಡ; ಹಿರಿಯರು ನಮ್ಮ ಮನಸ್ಸು ನೋಯಬಾರದೆಂದು ಹೌದೆಂದುಬಿಡುತ್ತಾರೆ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು, ಖಚಿತವಾಗಿ ಹೇಳಿದ್ದನ್ನೂ ಹೋಲಿಕೆ ಕಂಡು ಹೇಳಿದ್ದನ್ನೂ ಬೇರೆ ಬೇರೆ ಇಡು, ಏಕೆಂದರೆ ತಪ್ಪು ಹೆಸರೊಂದು ಒಮ್ಮೆ ಅಂಟಿಕೊಂಡರೆ ಅದನ್ನು ಬಿಡಿಸುವುದು ಹೆಸರು ಹುಡುಕುವುದಕ್ಕಿಂತ ಕಷ್ಟ. ಮನೆಯ ಫೋಟೊಗಳ ಹಿಂದೆ ಬಾಲ್‌ಪೆನ್ನಿನಿಂದ ಬರೆಯಬೇಡ, ಒತ್ತಿದ ಗುರುತು ಮುಖದ ಮೇಲೆಯೇ ಮೂಡುತ್ತದೆ. ಮೆದು ಪೆನ್ಸಿಲ್ಲಿನಿಂದ ಅಂಚಿನಲ್ಲಿ ಹಗುರವಾಗಿ ಹೆಸರು, ಹೇಳಿದವರು ಯಾರು, ಕೇಳಿದ ದಿನಾಂಕ ಇಷ್ಟನ್ನು ಬರೆದರೆ ಸಾಕು. ಮಿಷನ್ ಚಿತ್ರಗಳ ವಿವರವನ್ನು ಆಯಾ ಚಿತ್ರದ ಸಂಗ್ರಹ ಸಂಖ್ಯೆಯೊಡನೆ ನನಗೆ ಕಳುಹಿಸು, ಸಂಗ್ರಹದವರಿಗೆ ನಾನು ಬರೆಯುತ್ತೇನೆ.

ದೊಡ್ಡವ್ವನವರಿಗೆ ನನ್ನ ನಮಸ್ಕಾರಗಳನ್ನು ತಿಳಿಸು.

ನಿನ್ನ ಗೆಳೆಯ