ಮಕ್ಕಳ ಕಥೆಗೂ ವಿಮರ್ಶೆ ಬೇಕು

ಮಾನ್ಯ ಸಂಪಾದಕರಿಗೆ,

ತಮ್ಮ ಭಾನುವಾರದ ಪುರವಣಿಯ ಪುಸ್ತಕ ಪುಟವನ್ನು ನಾನು ಬಹಳ ಕಾಲದಿಂದ ತಪ್ಪದೆ ಓದುತ್ತ ಬಂದಿದ್ದೇನೆ. ಹೊಸ ಕಾದಂಬರಿಯೊಂದು ಬಂದರೆ ಅರ್ಧ ಪುಟ ಕೊಟ್ಟು, ಅದರ ನಿರೂಪಣೆ, ಪಾತ್ರಗಳು, ಲೇಖಕರ ಹಿಂದಿನ ಕೃತಿಗಳಿಗಿಂತ ಅದು ಹೇಗೆ ಬೇರೆ ಎಂಬುದನ್ನೆಲ್ಲ ಚರ್ಚಿಸುವ ಅದೇ ಪುಟದಲ್ಲಿ, ಮಕ್ಕಳಿಗಾಗಿ ಬರೆದ ಕಥೆ, ಕಾದಂಬರಿಗಳು ಮಾತ್ರ ‘ಸಾದರ ಸ್ವೀಕಾರ’ದ ಪಟ್ಟಿಯಲ್ಲಿ ಹೆಸರು, ಬೆಲೆಯಷ್ಟಕ್ಕೆ ಮುಗಿದುಹೋಗುತ್ತವೆ. ಅದೃಷ್ಟವಿದ್ದರೆ ನಾಲ್ಕು ಸಾಲು ಸಿಗುತ್ತವೆ. ಅದರಲ್ಲೊಂದು ಸಾಲು ‘ಮಕ್ಕಳಿಗೆ ಉಪಯುಕ್ತ ಕೃತಿ’ ಎಂದೇ ಇರುತ್ತದೆ. ಇದು ತಮ್ಮ ಪತ್ರಿಕೆಯೊಂದರದೇ ರೂಢಿಯಲ್ಲ ಎಂಬುದನ್ನೂ ಬಲ್ಲೆ.

ರಾಯಚೂರು ಜಿಲ್ಲೆಯಿಂದ ಈ ಪತ್ರ ಬರೆಯುವುದಕ್ಕೆ ಕಾರಣವಿದೆ. ಬೆಂಗಳೂರು, ಮೈಸೂರು, ಧಾರವಾಡದ ಓದುಗರಿಗೆ ಅಂಗಡಿಗೆ ಹೋಗಿ ಪುಸ್ತಕವನ್ನು ತಿರುವಿ ನೋಡಿ ಕೊಳ್ಳುವ ಅನುಕೂಲವಿದೆ. ನಮ್ಮ ಸಿಂಧನೂರು, ಮಾನ್ವಿ, ಕುಷ್ಟಗಿಗಳ ಕಡೆ ಪುಸ್ತಕದ ಅಂಗಡಿ ಎಂದರೆ ಹೆಚ್ಚಾಗಿ ಪಠ್ಯಪುಸ್ತಕ, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಸಾಮಗ್ರಿ ಮಾರುವ ಅಂಗಡಿಯೇ. 2011ರಲ್ಲಿ ಗಂಗಾವತಿಯಲ್ಲಿ, 2016ರಲ್ಲಿ ರಾಯಚೂರಿನಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕಗಳೇ ನಾವಿದ್ದಲ್ಲಿಗೆ ಬಂದಿದ್ದವು. ಅಂಥ ಅವಕಾಶ ಮತ್ತೆ ಮತ್ತೆ ಒದಗುವುದಿಲ್ಲ. ಮಿಕ್ಕ ಕಾಲದಲ್ಲಿ ಪ್ರಕಾಶಕರಿಗೆ ಫೋನ್ ಮಾಡಿ, ಮೊದಲೇ ಹಣ ಕಳಿಸಿ, ಅಂಚೆಯಲ್ಲಿ ತರಿಸಿಕೊಳ್ಳಬೇಕು. ಕಣ್ಣಿನಿಂದ ನೋಡದ ಪುಸ್ತಕಕ್ಕೆ ದುಡ್ಡು ಕಟ್ಟುವ ಪಾಲಕರಿಗೆ, ಶಿಕ್ಷಕರಿಗೆ, ಗ್ರಾಮ ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದ ಮೇಲ್ವಿಚಾರಕರಿಗೆ ಪತ್ರಿಕೆಯ ವಿಮರ್ಶೆಯೇ ಆಧಾರ. ಆ ವಿಮರ್ಶೆ ‘ಉಪಯುಕ್ತ’ ಎಂಬ ಒಂದು ಪದದಲ್ಲಿ ಮುಗಿದರೆ ನಮಗೆ ತಿಳಿಯುವುದಾದರೂ ಏನು?

ಮಕ್ಕಳ ಕಥೆಯನ್ನೂ ಮೊದಲು ಕಥೆಯಾಗಿ ನೋಡಬೇಕೆಂಬುದು ನನ್ನ ಬೇಡಿಕೆ. ಈಗ ನಡೆಯುವುದು ನೀತಿಯ ತಪಾಸಣೆ. ಸುಳ್ಳು ಹೇಳಿದ ಹುಡುಗನಿಗೆ ಕೊನೆಗೆ ಬುದ್ಧಿ ಬಂತೇ, ಮರ ಕಡಿದವನು ಪಶ್ಚಾತ್ತಾಪಪಟ್ಟನೇ ಎಂಬುದನ್ನು ಖಚಿತಪಡಿಸಿಕೊಂಡ ವಿಮರ್ಶಕರು ಪುಸ್ತಕವನ್ನು ಹರಸಿ ಕಳಿಸುತ್ತಾರೆ. ಕಥೆಯೊಳಗಿನ ಮಗು ಮಗುವಿನಂತೆ ಮಾತಾಡುತ್ತದೆಯೇ ಅಥವಾ ಭಾಷಣ ಮಾಡುತ್ತದೆಯೇ, ನಗು ಎಲ್ಲಿ ಬರುತ್ತದೆ, ಹೆದರಿಕೆ ಎಷ್ಟು ನಿಜವಾಗಿದೆ, ಮುಕ್ತಾಯ ಕಥೆಯೊಳಗಿಂದಲೇ ಹುಟ್ಟಿದೆಯೇ ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಚಿತ್ರ ಬರೆದ ಕಲಾವಿದರ ಹೆಸರಂತೂ ವಿಮರ್ಶೆಯಲ್ಲಿ ಕಾಣುವುದೇ ಅಪರೂಪ. ಆರು ವರ್ಷದ ಮಗು ಪುಸ್ತಕದಲ್ಲಿ ಮೊದಲು ಓದುವುದು ಚಿತ್ರವನ್ನೇ. (ಬಯಲುಸೀಮೆಯ ಕಥೆಗೆ ಅಡಿಕೆ ತೋಟದ, ಹೆಂಚಿನ ಮನೆಯ ಚಿತ್ರ ಹಾಕಿದ್ದರೆ ಅದನ್ನು ಗಮನಿಸಿ ಹೇಳುವುದೂ ವಿಮರ್ಶಕರ ಕೆಲಸವೇ.)

ಭಾಷೆಯ ವಿಷಯ ಇನ್ನೂ ಮುಖ್ಯವಾದದ್ದು. ನಮ್ಮ ಕಡೆಯ ಆಡುಮಾತಿನಲ್ಲಿ ಕಾದಂಬರಿ ಬಂದರೆ ‘ಪ್ರಾದೇಶಿಕ ಸೊಗಡು’ ಎಂದು ಹೊಗಳಿ ಮುಂದೆ ಸಾಗುವುದು ವಾಡಿಕೆಯಾಗಿಬಿಟ್ಟಿದೆ. ಆ ಮಾತು ಪಾತ್ರದಿಂದ ಪಾತ್ರಕ್ಕೆ ಬದಲಾಗುತ್ತದೆಯೇ, ಬರೀ ‘ಹೋಗ್ಯಾನ, ಬಂದಾನ’ಗಳ ಅಲಂಕಾರವೇ ಎಂಬುದನ್ನು ಹೇಳಬಲ್ಲ, ಈ ಸೀಮೆಯ ಮಾತು ಬಲ್ಲ ವಿಮರ್ಶಕರಿಂದ ಅಂಥ ಪುಸ್ತಕವನ್ನು ಓದಿಸಬೇಕು. ಮಕ್ಕಳ ಪುಸ್ತಕದಲ್ಲಿ ಇದರ ತೂಕ ಹೆಚ್ಚು. ಇಲ್ಲಿನ ತರಗತಿಗಳಲ್ಲಿ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳೂ ಇದ್ದಾರೆ. ಐದನೆಯ ತರಗತಿಯ ಅಂಥ ಮಗು ಯಾರ ನೆರವೂ ಇಲ್ಲದೆ ಓದಬಲ್ಲ ವಾಕ್ಯಗಳೇ ಎಂಬ ಒಂದು ಮಾತು ನಮ್ಮಂಥ ಶಿಕ್ಷಕರಿಗೆ ಇಡೀ ಬೆನ್ನುಡಿಗಿಂತ ಹೆಚ್ಚು ಉಪಕಾರಿ.

ಹದಿಮೂರರಿಂದ ಹದಿನೇಳರ ವಯಸ್ಸಿನವರ ಸ್ಥಿತಿ ಬೇರೆ. ರಾಜಕುಮಾರಿಯ ಕಥೆಗಳನ್ನು ದಾಟಿದ, ದೊಡ್ಡವರ ಕಾದಂಬರಿಯ ಸಂಸಾರ ತಾಪತ್ರಯಗಳಲ್ಲಿ ಇನ್ನೂ ಆಸಕ್ತಿ ಹುಟ್ಟದ ಈ ಓದುಗರಿಗೆಂದೇ ಬರೆದ ಕನ್ನಡ ಕಾದಂಬರಿಗಳು ಕಡಿಮೆ. ಆದರೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಮಕ್ಕಳ ಪುಸ್ತಕವೆಂದು ಯಾರೂ ಕರೆಯದಿದ್ದರೂ ಪ್ರೌಢಶಾಲೆಯ ಮಕ್ಕಳು ಅದನ್ನು ತಾವಾಗಿ ಓದುತ್ತಾರೆ. ದೊಡ್ಡವರಿಗೆಂದು ಪ್ರಕಟವಾಗುವ ಹೊಸ ಕಾದಂಬರಿಗಳಲ್ಲಿ ಯಾವುದು ಈ ವಯಸ್ಸಿನವರ ಕೈಗೂ ಕೊಡುವಂಥದು ಎಂದು ವಿಮರ್ಶಕರು ಒಂದು ಸಾಲು ಸೇರಿಸಿದರೆ ಸಾಕು.

ದೊಡ್ಡವರ ಕೃತಿಗಳ ವಿಮರ್ಶೆಯ ಬಗ್ಗೆ ನನ್ನ ದೂರು ಚಿಕ್ಕದು. ಮುಕ್ಕಾಲು ಪಾಲು ಕಥಾಸಾರ ಹೇಳಿ, ಕೊನೆಯ ತಿರುವನ್ನೂ ಬಿಟ್ಟುಕೊಟ್ಟು, ಮುನ್ನುಡಿಯ ಎರಡು ಮಾತು ಎತ್ತಿ ಬರೆದು ಮುಗಿಸುವ ಕ್ರಮ ನಿಲ್ಲಬೇಕು. ಮುನ್ನುಡಿ ಬರೆದವರಿಗೇ, ಬಿಡುಗಡೆಯ ವೇದಿಕೆಯಲ್ಲಿ ಮಾತಾಡಿದವರಿಗೇ ಅದೇ ಪುಸ್ತಕವನ್ನು ವಿಮರ್ಶೆಗೆ ಕೊಡಬಾರದು.

ಮಕ್ಕಳ ಸಾಹಿತ್ಯಕ್ಕೆ ಅಷ್ಟು ಜಾಗ ಕೊಡುವಂಥದ್ದೇನಿದೆ ಎಂದು ಕೇಳುವವರಿದ್ದಾರೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯಕ್ಕೇ ಪ್ರತ್ಯೇಕ ಪುರಸ್ಕಾರ ಕೊಡುತ್ತಿದೆ. ಕನ್ನಡದಲ್ಲಿ ಮೊದಲ ಸಲ ಅದು ಬೊಳುವಾರು ಮಹಮದ್ ಕುಂಞಿ ಅವರಿಗೆ ಸಂದಿತು, 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ಕಥಾಸಂಕಲನಕ್ಕೆ ಸಂದಿತು. ಪ್ರಶಸ್ತಿ ಬಂದ ಮರುದಿನ ಸುದ್ದಿ ಪುಟದಲ್ಲಿ ಫೋಟೊ ಹಾಕುವ ಪತ್ರಿಕೆಗಳು ಪುಸ್ತಕ ಹೊರಬಂದ ವರ್ಷವೇ ಅದನ್ನು ಓದಿ ಬರೆಯಬಾರದೇಕೆ?

ಆದ್ದರಿಂದ ತಿಂಗಳಿಗೆ ಒಂದು ಭಾನುವಾರವಾದರೂ ಒಂದು ಮಕ್ಕಳ ಕೃತಿಗೆ ಪೂರ್ಣ ಪ್ರಮಾಣದ ವಿಮರ್ಶೆಯನ್ನು ಮೀಸಲಿಡಬೇಕೆಂದೂ, ಅದರ ಪಕ್ಕದಲ್ಲಿ ಅದೇ ಪುಸ್ತಕ ಓದಿದ ಒಬ್ಬ ವಿದ್ಯಾರ್ಥಿಯ ಅಭಿಪ್ರಾಯವನ್ನು, ಅದು ಹೊಗಳಿಕೆಯಲ್ಲದಿದ್ದರೂ, ತಿದ್ದದೆ ಪ್ರಕಟಿಸಬೇಕೆಂದೂ, ಪುಟ, ಬೆಲೆಗಳೊಂದಿಗೆ ಪ್ರಕಾಶಕರ ದೂರವಾಣಿ ಸಂಖ್ಯೆಯನ್ನು ತಪ್ಪದೆ ಕೊಡಬೇಕೆಂದೂ ಕೋರುತ್ತೇನೆ. ಮಕ್ಕಳ ಪುಸ್ತಕಗಳ ವಿಶೇಷ ಪುಟ ಸಾಮಾನ್ಯವಾಗಿ ನವೆಂಬರ್ 14ರ ಆಸುಪಾಸಿನಲ್ಲಿ ಬರುತ್ತದೆ, ಆಗ ಶಾಲೆಗಳಲ್ಲಿ ಪಾಠ, ಪರೀಕ್ಷೆಗಳ ಗಡಿಬಿಡಿ ಇರುತ್ತದೆ. ಅದನ್ನು ಮಾರ್ಚ್‌ನಲ್ಲಿ ತಂದರೆ, ಏಪ್ರಿಲ್ ರಜೆ ಶುರುವಾಗುವ ಹೊತ್ತಿಗೆ ಪುಸ್ತಕ ಅಂಚೆಯಲ್ಲಿ ನಮ್ಮೂರು ತಲುಪಿರುತ್ತದೆ.

ಇತಿ ತಮ್ಮ ವಿಶ್ವಾಸಿ,
ಪ್ರೌಢಶಾಲೆಯ ಕನ್ನಡ ಶಿಕ್ಷಕಿ, ಸಿಂಧನೂರು, ರಾಯಚೂರು ಜಿಲ್ಲೆ