ಕಟ್ ಆದ ದುಡ್ಡಿನ ಲೆಕ್ಕ ಗೇಟಿನಲ್ಲೇ ಕಾಣಲಿ

ಮಾನ್ಯ ಸಂಪಾದಕರೇ,

ನಗರ ಸಾರಿಗೆಗೆ ಕಾರ್ಡ್ ಮತ್ತು ಮೊಬೈಲ್ ಟಿಕೆಟ್ ಬಂದ ಕಡೆಗಳಲ್ಲೆಲ್ಲ ಒಂದು ದೂರು ಕೇಳಿಬರುತ್ತದೆ: ‘ಹೋಗಿದ್ದು ನಾಲ್ಕು ನಿಲ್ದಾಣ, ಕಟ್ ಆಗಿದ್ದು ಇಡೀ ಮಾರ್ಗದ ದರ.’ ಪ್ರಯಾಣಿಕರು ಇದನ್ನು ಮೋಸ ಎನ್ನುತ್ತಾರೆ, ಸಿಬ್ಬಂದಿ ಪ್ರಯಾಣಿಕರ ತಪ್ಪು ಎನ್ನುತ್ತಾರೆ. ಸಾಮಾನ್ಯವಾಗಿ ಯಂತ್ರ ತನಗೆ ಹಾಕಿಕೊಟ್ಟ ನಿಯಮದಂತೆಯೇ ನಡೆದಿರುತ್ತದೆ. ಆದರೆ ಆ ನಿಯಮ ಏನೆಂದು ದುಡ್ಡು ಕೊಡುವವರಿಗೆ ಯಾರೂ ಹೇಳಿರುವುದಿಲ್ಲ, ಗೇಟಿನ ಪುಟ್ಟ ಪರದೆಯೂ ಹೇಳುವುದಿಲ್ಲ.

ದೂರಕ್ಕೆ ತಕ್ಕ ದರ ಇರುವ ಕಡೆ ಕಾರ್ಡನ್ನು ಗೇಟಿನ ರೀಡರಿಗೆ, ಅಂದರೆ ಕಾರ್ಡ್ ಓದುವ ಯಂತ್ರಕ್ಕೆ, ಎರಡು ಸಲ ತಾಗಿಸಬೇಕು; ಇದಕ್ಕೇ ‘ಟ್ಯಾಪ್’ ಎನ್ನುವುದು. ಒಳಹೋಗುವಾಗ ಯಾವ ನಿಲ್ದಾಣ, ಎಷ್ಟು ಹೊತ್ತಿಗೆ ಎಂಬುದು ದಾಖಲಾಗುತ್ತದೆ. ಹೊರಬರುವಾಗ ಅದನ್ನು ನೋಡಿ ದರ ಲೆಕ್ಕ ಹಾಕಲಾಗುತ್ತದೆ. ಹೊರಗಿನ ಟ್ಯಾಪ್ ಸಿಗದಿದ್ದರೆ ನೀವು ಎಲ್ಲಿ ಇಳಿದಿರೆಂದು ಯಂತ್ರಕ್ಕೆ ತಿಳಿಯುವ ದಾರಿಯೇ ಇಲ್ಲ, ಹಾಗಾಗಿ ಅನೇಕ ವ್ಯವಸ್ಥೆಗಳಲ್ಲಿ ಗರಿಷ್ಠ ದರ ಕಡಿತವಾಗುತ್ತದೆ. ಎಲ್ಲ ದೂರಕ್ಕೂ ಒಂದೇ ದರ ಇರುವ ಬಸ್ಸಿನಲ್ಲಾದರೆ ಹತ್ತುವಾಗಿನ ಒಂದು ಟ್ಯಾಪ್ ಸಾಕು. ಒಂದೇ ಊರಿನಲ್ಲಿ ಬಸ್ಸಿಗೆ ಒಂದು ಪದ್ಧತಿ, ರೈಲಿಗೆ ಇನ್ನೊಂದು ಎಂದಾದರೆ ಜನ ತಪ್ಪುವುದು ಸಹಜ.

ಮರೆವು ಒಂದೇ ಕಾರಣವಲ್ಲ. ಜನಸಂದಣಿಯಲ್ಲಿ ಗೇಟ್ ತೆರೆದೇ ಇರುತ್ತದೆ, ಮುಂದಿನವರ ಹಿಂದೆಯೇ ದಾಟಿಬಿಡುತ್ತೇವೆ. ಗೇಟ್ ತೆರೆದಿದ್ದರೂ ಕಾರ್ಡ್ ತಾಗಿಸಿಯೇ ಹೊರಬರಬೇಕು. ಪರ್ಸಿನಲ್ಲಿ ಎರಡು ಕಾರ್ಡ್ ಇದ್ದು ಪರ್ಸನ್ನೇ ರೀಡರಿಗೆ ಹಿಡಿದರೆ, ಒಳಗೆ ಬರುವಾಗ ಒಂದು, ಹೊರಗೆ ಹೋಗುವಾಗ ಇನ್ನೊಂದು ಓದಿಕೊಳ್ಳಬಹುದು. ಆಗ ಒಂದು ಪ್ರಯಾಣಕ್ಕೆ ಎರಡು ಅರ್ಧ ಪ್ರಯಾಣಗಳ ಲೆಕ್ಕ, ಎರಡೂ ಗರಿಷ್ಠ ದರದಲ್ಲಿ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ: ಬ್ಯಾಂಕ್ ಕಾರ್ಡನ್ನು ಫೋನಿಗೆ ಸೇರಿಸಿದಾಗ ಫೋನ್ ರೀಡರಿಗೆ ಕೊಡುವ ಸಂಖ್ಯೆ ಕಾರ್ಡಿನ ಮೇಲಿನ ಸಂಖ್ಯೆಯಲ್ಲ, ಅದು ಬೇರೆಯೇ. ಫೋನ್ ತಾಗಿಸಿ ಒಳಹೋಗಿ, ಅದೇ ಖಾತೆಯ ಕಾರ್ಡ್ ತಾಗಿಸಿ ಹೊರಬಂದರೆ ಯಂತ್ರದ ಕಣ್ಣಿಗೆ ಇಬ್ಬರು ಬೇರೆ ಬೇರೆ ಪ್ರಯಾಣಿಕರು.

ಕಾರ್ಡನ್ನು ಬೀಸಿ ಎಳೆದುಕೊಳ್ಳುವ ಅಭ್ಯಾಸವೂ ಕೈಕೊಡುತ್ತದೆ. ಕಾರ್ಡಿನೊಳಗೆ ಬ್ಯಾಟರಿ ಇಲ್ಲ. ರೀಡರ್ ಹೊಮ್ಮಿಸುವ 13.56 ಮೆಗಾಹರ್ಟ್ಸ್ ಕ್ಷೇತ್ರದಿಂದಲೇ ಅದರ ಚಿಪ್ಪಿಗೆ ವಿದ್ಯುತ್ ಸಿಗಬೇಕು, ಅದೂ ಕೆಲವೇ ಸೆಂಟಿಮೀಟರ್ ಅಂತರದಲ್ಲಿ. ಆ ಅರೆಗಳಿಗೆಯಲ್ಲಿ ಚಿಪ್ ಗುರುತು ತೋರಿಸಬೇಕು; ಬ್ಯಾಲೆನ್ಸ್ ಚಿಪ್ಪಿನಲ್ಲೇ ಇರುವ ಕಾರ್ಡಾದರೆ ದರ ಕಳೆದು ಹೊಸ ಬ್ಯಾಲೆನ್ಸ್ ಬರೆದುಕೊಳ್ಳಲೂಬೇಕು. ಬರೆಯುವ ಮೊದಲೇ ಕೈ ತೆಗೆದರೆ ವ್ಯವಹಾರ ಅರ್ಧಕ್ಕೆ ನಿಲ್ಲುತ್ತದೆ. ಕಾರ್ಡನ್ನು ಪರ್ಸಿನಿಂದ ಹೊರತೆಗೆದು, ರೀಡರಿನ ಮೇಲೆ ಚಪ್ಪಟೆಯಾಗಿ ಒಂದು ಸೆಕೆಂಡ್ ಹಿಡಿದು, ಹಸಿರು ದೀಪ ಕಂಡ ಮೇಲೆ ತೆಗೆಯಬೇಕು. ಕೆಂಪು ಬಂದರೆ ಅದೇ ಕಾರ್ಡನ್ನು ಅದೇ ರೀಡರಿಗೆ ಮತ್ತೆ ಹಿಡಿಯಿರಿ. ಅವಸರದಲ್ಲಿ ಬೇರೆ ಕಾರ್ಡ್ ತೆಗೆಯಬೇಡಿ.

ಅತಿ ಹೆಚ್ಚು ಗೊಂದಲ ಇರುವುದು ರೀಚಾರ್ಜಿನಲ್ಲಿ. ಬ್ಯಾಲೆನ್ಸ್ ಎಲ್ಲಿ ಇರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆಲವು ವ್ಯವಸ್ಥೆಗಳಲ್ಲಿ ದುಡ್ಡಿನ ಲೆಕ್ಕ ಸರ್ವರಿನಲ್ಲಿರುತ್ತದೆ, ಕಾರ್ಡ್ ಬರೀ ಗುರುತು. ಅಲ್ಲಿ ಮನೆಯಲ್ಲೇ ಕೂತು ಹಾಕಿದ ದುಡ್ಡು ಬೇಗನೆ ಲೆಕ್ಕಕ್ಕೆ ಬರುತ್ತದೆ. ಇನ್ನು ಕೆಲವು ಕಡೆ ಬ್ಯಾಲೆನ್ಸ್ ಕಾರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಮೊಬೈಲಿನಲ್ಲಿ ರೀಚಾರ್ಜ್ ಮಾಡಿದ ಹಣ ಬ್ಯಾಂಕಿನಿಂದ ಹೋಗಿರುತ್ತದೆ, ಚಿಪ್ಪಿಗೆ ಮಾತ್ರ ಬಂದಿರುವುದಿಲ್ಲ. ನಿಗದಿತ ಯಂತ್ರಕ್ಕೆ, ಗೇಟಿಗೆ ಅಥವಾ ಅದಕ್ಕೆಂದೇ ಇರುವ ಆ್ಯಪಿಗೆ ಕಾರ್ಡ್ ತಾಗಿಸಿ ಅದನ್ನು ಬರೆಸಿಕೊಳ್ಳಬೇಕು. ಈ ಒಂದು ಹೆಜ್ಜೆ ಗೊತ್ತಿಲ್ಲದೆ ‘ದುಡ್ಡು ಹೋಯಿತು’ ಎಂದು ಎರಡನೇ ಸಲ ರೀಚಾರ್ಜ್ ಮಾಡುವವರಿದ್ದಾರೆ. ರೀಚಾರ್ಜ್ ಆದ ಕೂಡಲೇ ಬರುವ ಸಂದೇಶದಲ್ಲಿ ‘ಇಂಥ ಯಂತ್ರಕ್ಕೆ ಕಾರ್ಡ್ ತಾಗಿಸಿದ ಮೇಲೆ ಹಣ ಸೇರುತ್ತದೆ’ ಎಂಬ ಒಂದು ಸಾಲು ಸೇರಿಸಲು ಏನು ಖರ್ಚು?

ಬ್ಯಾಂಕ್ ಕಾರ್ಡನ್ನು ನೇರವಾಗಿ ತಾಗಿಸುವ ಕಡೆ ಗೇಟು ಬ್ಯಾಂಕಿನ ಉತ್ತರಕ್ಕೆ ಕಾಯುವಂತಿಲ್ಲ, ಸಾಲು ನಿಂತುಬಿಡುತ್ತದೆ. ಅದಕ್ಕೇ ಮೊದಲು ಒಳಬಿಟ್ಟು, ದಿನದ ಕೊನೆಗೆ ಒಟ್ಟು ದರ ಕೇಳುವ ಪದ್ಧತಿ ಇದೆ. ಖಾತೆಯಲ್ಲಿ ಹಣ ಇಲ್ಲದಿದ್ದರೆ ಆ ಕಾರ್ಡ್ ತಡೆಪಟ್ಟಿಗೆ ಸೇರುತ್ತದೆ, ಮುಂದಿನ ಟ್ಯಾಪಿಗೆ ಗೇಟು ತೆರೆಯುವುದಿಲ್ಲ. ಆಮೇಲೆ ಖಾತೆಗೆ ಹಣ ಹಾಕಿದರಷ್ಟೇ ಸಾಲದು. ಬಾಕಿ ತೀರಿ, ಪಟ್ಟಿಯಿಂದ ಸಂಖ್ಯೆ ಹೊರಬರಬೇಕು.

ಕ್ಯೂಆರ್ ಟಿಕೆಟ್ಟಿನಲ್ಲಿ ಹಣ ಪಾವತಿ ಒಂದು ಕೆಲಸ, ಟಿಕೆಟ್ ಹುಟ್ಟುವುದು ಇನ್ನೊಂದು. ನಡುವೆ ನೆಟ್‌ವರ್ಕ್ ಕಡಿದರೆ ಹಣ ಹೋಗಿ ಟಿಕೆಟ್ ಬರದಿರಬಹುದು. ತಕ್ಷಣ ಮತ್ತೆ ಪಾವತಿಸದೆ, ಆ್ಯಪಿನಲ್ಲಿ ಹಳೆಯ ಟಿಕೆಟ್‌ಗಳ ಪಟ್ಟಿ ನೋಡಿ, ಪಾವತಿಯ ಉಲ್ಲೇಖ ಸಂಖ್ಯೆ ಉಳಿಸಿಕೊಳ್ಳಿ. ಪರದೆಯ ಬೆಳಕು ಕಡಿಮೆಯಿದ್ದರೆ, ಗಾಜು ಒಡೆದಿದ್ದರೆ ರೀಡರ್ ಓದದು. ಆಗಾಗ ಬದಲಾಗುವ ಕ್ಯೂಆರ್ ಇರುವ ಕಡೆ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಕಾಗದದ ಟಿಕೆಟ್ ಶಾಖಕ್ಕೆ ಕಪ್ಪಾಗುವ ಬಗೆಯದಾದರೆ ಬಿಸಿಲಿಗೆ, ಸ್ಯಾನಿಟೈಸರ್ ಹಚ್ಚಿದ ಕೈಗೆ ಕೆಡುತ್ತದೆ. ಗೇಟೇ ಇಲ್ಲದೆ ತಪಾಸಣೆಯ ಮೇಲೆ ನಡೆಯುವ ಊರುಗಳಲ್ಲಿ, ಬರ್ಲಿನ್ ಅಂಥದ್ದು, ಕಾಗದದ ಟಿಕೆಟ್ ಕೊಂಡರೆ ಸಾಲದು, ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಹಿಡಿದವರಿಗೂ ದಂಡವೇ.

1830ರ ದಶಕದಲ್ಲಿ ಇಂಗ್ಲೆಂಡಿನ ರೈಲ್ವೆ ನೌಕರ ಥಾಮಸ್ ಎಡ್ಮಂಡ್‌ಸನ್ ರೂಪಿಸಿದ ರಟ್ಟಿನ ಟಿಕೆಟ್ಟಿನ ಮೇಲೆ ಎಲ್ಲಿಂದ ಎಲ್ಲಿಗೆ ಎಂಬುದೂ ಕ್ರಮಸಂಖ್ಯೆಯೂ ಅಚ್ಚಾಗಿರುತ್ತಿತ್ತು. ಪುರಾವೆ ಪ್ರಯಾಣಿಕನ ಕೈಯಲ್ಲೇ ಇತ್ತು. ಕಾರ್ಡ್ ಬಂದ ಮೇಲೆ ಆ ಪುರಾವೆ ಸಂಸ್ಥೆಯ ಕಂಪ್ಯೂಟರಿಗೆ ಹೋಯಿತು. ಅದನ್ನು ಪ್ರಯಾಣಿಕನಿಗೆ ಮರಳಿಸುವುದು ಕಷ್ಟವೇನಲ್ಲ. ಜಪಾನಿನ ನಿಲ್ದಾಣಗಳ ಟಿಕೆಟ್ ಯಂತ್ರಕ್ಕೆ ಕಾರ್ಡ್ ಹಾಕಿದರೆ ಇತ್ತೀಚಿನ ಪ್ರಯಾಣಗಳ ಪಟ್ಟಿ ಕಾಣುತ್ತದೆ, ಮುದ್ರಿಸಿಕೊಳ್ಳಲೂಬಹುದು. ಅಲ್ಲಿ ಹೊರಬರುವ ಗೇಟಿನ ಪಕ್ಕದಲ್ಲೇ ದರ ಸರಿಪಡಿಸುವ ಯಂತ್ರವಿದೆ: ಹಣ ಸಾಲದಿದ್ದರೆ ವ್ಯತ್ಯಾಸ ಕಟ್ಟಿ ಹೊರಬರುವುದು, ಜಗಳವಿಲ್ಲ, ದಂಡವಿಲ್ಲ. ಲಂಡನ್ನಿನ ಬಸ್ಸುಗಳು 2014ರಲ್ಲಿ ನಗದು ನಿಲ್ಲಿಸಿದಾಗ, ಅಲ್ಲಿನ ಪ್ರಯಾಣದ ಕಾರ್ಡ್ ಆದ ಆಯ್ಸ್ಟರಿನಲ್ಲಿ ಅಲ್ಪಸ್ವಲ್ಪ ಉಳಿದಿದ್ದು ದರಕ್ಕೆ ಸಾಲದಿದ್ದರೂ ಒಂದು ಪ್ರಯಾಣಕ್ಕೆ ಅವಕಾಶ ಕೊಟ್ಟವು. ನಗದು ಕಿತ್ತುಹಾಕುವವರು ಇಂಥ ಏರ್ಪಾಡನ್ನಾದರೂ ಮೊದಲು ಮಾಡಬೇಕು. ನನ್ನ ಮಟ್ಟಿಗೆ, ಫೋನ್ ಇಲ್ಲದವರಿಗೂ ಬ್ಯಾಟರಿ ಮುಗಿದವರಿಗೂ ಒಂದು ನಗದು ಕೌಂಟರ್ ಇರಲೇಬೇಕು.

ಹಾಗಾಗಿ ಕೇಳುವುದಿಷ್ಟು. ಪ್ರತಿ ಟ್ಯಾಪಿಗೂ ಪರದೆಯ ಮೇಲೆ ಹತ್ತಿದ ಸ್ಥಳ, ಕಟ್ ಆದ ದರ, ಉಳಿದ ಬ್ಯಾಲೆನ್ಸ್ ಮೂರೂ ಕನ್ನಡದಲ್ಲಿ, ಓದಲು ಸಾಕಾಗುವಷ್ಟು ಹೊತ್ತು ನಿಲ್ಲಲಿ. ಕಣ್ಣು ಕಾಣದವರಿಗೆ ಸರಿಯಾದ ಟ್ಯಾಪಿಗೆ ಒಂದು ಸದ್ದು, ತಪ್ಪಿದ ಟ್ಯಾಪಿಗೆ ಬೇರೆ ಸದ್ದು ಇರಲಿ. ಗರಿಷ್ಠ ದರ ಕಡಿದಾಗ ‘ಹೊರಗಿನ ಟ್ಯಾಪ್ ಸಿಕ್ಕಿಲ್ಲ’ ಎಂದು ಮುಂದಿನ ಟ್ಯಾಪಿನಲ್ಲೇ ತಿಳಿಸಲಿ. ಗೇಟುಗಳನ್ನು ಸಂಸ್ಥೆಯೇ ತೆರೆದಿಟ್ಟ ಹೊತ್ತಿನ ಅರ್ಧ ಪ್ರಯಾಣಗಳ ಹಣ ಅರ್ಜಿ ಕೇಳದೆ ಮರಳಿಸಲಿ; ಯಾವ ನಿಲ್ದಾಣದ ಗೇಟು ಯಾವಾಗ ತೆರೆದಿತ್ತೆಂಬುದು ಅವರಿಗೇ ಗೊತ್ತಿರುತ್ತದೆ. ಉಳಿದ ದೂರುಗಳಿಗೆ ಕಾರ್ಡ್ ಸಂಖ್ಯೆ, ದಿನಾಂಕ, ಅಂದಾಜು ಸಮಯ, ಹತ್ತಿದ ಮತ್ತು ಇಳಿದ ನಿಲ್ದಾಣ, ಇಷ್ಟನ್ನು ಕೌಂಟರಿನಲ್ಲೇ ಬರೆದುಕೊಂಡು ದೂರಿನ ಸಂಖ್ಯೆ ಕೊಡಲಿ. ಮರಳಿಸಿದ ಹಣವನ್ನು ಚಿಪ್ಪಿಗೆ ಬರೆಸಿಕೊಳ್ಳಬೇಕಿದ್ದರೆ ಎಲ್ಲಿ, ಯಾವ ದಿನಾಂಕದೊಳಗೆ ಎಂಬುದನ್ನೂ ಆ ಚೀಟಿಯಲ್ಲೇ ಮುದ್ರಿಸಲಿ.

ಇತಿ,
ನಗರ ಸಾರಿಗೆಯ ಒಬ್ಬ ಪ್ರಯಾಣಿಕ