ಬೋಪಣ್ಣನಿಗೆ, ಗುಂಡು ಟಿವಿಯ ವಿಷಯವಾಗಿ

ಪ್ರೀತಿಯ ಬೋಪಣ್ಣ,

ನೀನು ಕಳುಹಿಸಿದ ಫೋಟೋಗಳನ್ನು ನೋಡಿದೆ. ಹೋಂಸ್ಟೇಗೆ ಬರುವವರು ಮೊದಲು ಕಾಲಿಡುವ ಜಗಲಿಯಲ್ಲಿ ಕಿತ್ತಳೆ ಬಣ್ಣದ ಗುಂಡು ಟಿವಿ, ಪಕ್ಕದಲ್ಲಿ ಹಳೆಯ ಕಾಲದ ಚಹರೆಯ ಹೊಸ ರೇಡಿಯೋ. ದುಡ್ಡು ಕೊಡುವ ಮುಂಚೆ ಈ ಪತ್ರ ಓದಿಬಿಡು. ಸಿದ್ದಾಪುರ, ಗೋಣಿಕೊಪ್ಪದ ಕಡೆಯ ಗೆಳೆಯರೂ ಇಂಥವನ್ನು ಕೊಳ್ಳಬಹುದೇ ಎಂದು ಕೇಳುತ್ತಿರುವುದರಿಂದ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ನೀನು ಮನಸೋತಿರುವುದು ಜಪಾನಿನ ಜೆವಿಸಿಯ ವಿಡಿಯೋಸ್ಫಿಯರ್. 1970ರ ಸುಮಾರಿನದು. ಚಂದ್ರನ ಮೇಲೆ ಮನುಷ್ಯ ಇಳಿದ ಗುಂಗು ಇನ್ನೂ ಆರಿರಲಿಲ್ಲ. ಗಗನಯಾತ್ರಿಯ ಶಿರಸ್ತ್ರಾಣದಂತೆ ಟಿವಿ ಮಾಡಿ, ಬೇಕಾದರೆ ತೂಗುಹಾಕಲೆಂದು ನೆತ್ತಿಗೆ ಸರಪಳಿ ಕೊಟ್ಟರು. ಇದಕ್ಕಿಂತ ನನಗೆ ಇಷ್ಟವಾದದ್ದು ಇಟಲಿಯ ಬ್ರಿಯಾನ್‌ವೆಗಾ ಕಂಪನಿಗೆ ಮಾರ್ಕೊ ಜಾನೂಸೊ ಮತ್ತು ರಿಚರ್ಡ್ ಸ್ಯಾಪರ್ 1964ರಲ್ಲಿ ರೂಪಿಸಿದ ಆಲ್ಗೋಲ್. ಅದರ ಪರದೆ ತುಸು ಮೇಲಕ್ಕೆ ಮುಖ ಮಾಡಿರುತ್ತದೆ, ಯಜಮಾನನನ್ನು ನೋಡುವ ಪುಟ್ಟ ನಾಯಿಯಂತೆ. ನೆಲದ ಮೇಲಿಟ್ಟರೂ ಕುರ್ಚಿಯಲ್ಲಿ ಕುಳಿತವನಿಗೆ ಚಿತ್ರ ನೇರವಾಗಿ ಕಾಣಲಿ ಎಂಬ ಲೆಕ್ಕಾಚಾರ ಅದು. ಹಳೆಯ ಸೆಟ್ಟುಗಳೊಳಗೆ ಕಾದು ಹೊಳೆಯುವ ಗಾಜಿನ ನಳಿಕೆಗಳಾದ ವಾಲ್ವ್‌ಗಳ ಜಾಗಕ್ಕೆ ಪುಟ್ಟ ಟ್ರಾನ್ಸಿಸ್ಟರ್ ಬಂದು ಬಿಸಿಯೂ ತೂಕವೂ ಇಳಿದದ್ದರಿಂದಲೇ ಟಿವಿಗೆ ಹಿಡಿಕೆ ಹಾಕಿ ಕೋಣೆಯಿಂದ ಕೋಣೆಗೆ ಒಯ್ಯುವ ಯೋಚನೆ ಸಾಧ್ಯವಾಯಿತು.

ಅದಕ್ಕೂ ಮೊದಲು ಜರ್ಮನಿಯಲ್ಲಿ ಕುಬಾ ಕೋಮೆಟ್ ಎಂಬುದೊಂದಿತ್ತು. ಹಾಯಿದೋಣಿಯ ಪಟದ ಆಕಾರ, ಸುಮಾರು ಏಳು ಅಡಿ ಅಗಲ, ಒಳಗೆ ಟಿವಿ, ರೇಡಿಯೋ, ರೆಕಾರ್ಡ್ ಪ್ಲೇಯರ್ ಎಲ್ಲವೂ. ಅಮೆರಿಕದ ಫಿಲ್ಕೊ ಪ್ರೆಡಿಕ್ಟಾದಲ್ಲಿ ಚಿತ್ರನಳಿಕೆಯನ್ನೇ ಪೆಟ್ಟಿಗೆಯಿಂದ ಹೊರತೆಗೆದು, ಬೇಕಾದತ್ತ ತಿರುಗುವ ತಲೆಯಾಗಿ ಕೂರಿಸಿದ್ದರು. ನೋಡಲು ಸೊಗಸು, ಬಾಳಿಕೆಯಲ್ಲಿ ಸೊನ್ನೆ. ಪದೇ ಪದೇ ಕೆಡುತ್ತಿತ್ತು. 1961ರಲ್ಲಿ ಫಿಲ್ಕೊ ಫೋರ್ಡ್ ಪಾಲಾಯಿತು.

ಈಗ ನಿನ್ನ ಗುಂಡು ಟಿವಿಗೆ ಬರೋಣ. ಅದು ಕಪ್ಪುಬಿಳುಪಿನ ಟಿವಿ. ಜಪಾನ್ ಅಥವಾ ಅಮೆರಿಕಕ್ಕೆಂದು ಮಾಡಿದ್ದಾದರೆ 525 ಗೆರೆಗಳ ಚಿತ್ರ, ನೂರರ ಆಸುಪಾಸಿನ ವೋಲ್ಟೇಜ್. ನಮ್ಮದು 625 ಗೆರೆ, 230 ವೋಲ್ಟ್. ದೂರದರ್ಶನದ ಅನಲಾಗ್ ಪ್ರಸಾರವೂ ಹೆಚ್ಚುಕಡಿಮೆ ನಿಂತುಹೋಗಿದೆ. ವೋಲ್ಟೇಜ್ ಇಳಿಸಲು ಟ್ರಾನ್ಸ್‌ಫಾರ್ಮರ್, ಈಗಿನ ಚಿತ್ರವನ್ನು ಹಳೆಯ ಟಿವಿ ಹಿಡಿಯುವಂತೆ ಮಾಡಲು ಮಾಡ್ಯುಲೇಟರ್, ಅದಕ್ಕೊಂದು ಇದಕ್ಕೊಂದು ತಂತಿ ಎಂದು ಕಟ್ಟುತ್ತಾ ಹೋದರೆ ಚಿತ್ರ ಬಂದೀತು. ಆದರೆ ಒಂಬತ್ತು ಇಂಚಿನ ಪರದೆಯಲ್ಲಿ ನಿನ್ನ ಅತಿಥಿಗಳು ಕ್ರಿಕೆಟ್ ನೋಡುತ್ತಾರೆಯೇ? ಅಲಂಕಾರಕ್ಕೆ ಮಾತ್ರ ಎನ್ನುವುದಾದರೆ ತೆಗೆದುಕೋ, ನನ್ನ ತಕರಾರಿಲ್ಲ.

ತಕರಾರಿರುವುದು ಹೊಸ ರೇಡಿಯೋದ ಬಗ್ಗೆ. ಹಳೆಯ ಸೆಟ್ಟುಗಳ ಆಕಾರ ಎಷ್ಟೇ ವಿಚಿತ್ರವಿರಲಿ, ಒಳಗಿನ ಕೆಲಸಕ್ಕೂ ಹೊರಗಿನ ಮುಖಕ್ಕೂ ನಂಟಿತ್ತು. ನೀನು ತೋರಿಸಿದ್ದರಲ್ಲಿ ಸ್ಟೇಷನ್ ಮುಳ್ಳು ಬರೀ ಅಚ್ಚು ಹಾಕಿದ ಗೆರೆ. ಗುಂಡಿ ತಿರುಗಿಸಿದರೆ ಅಲುಗಾಡುವುದಿಲ್ಲ. ಮುಂದಿನ ಗಾಜಿನ ವಾಲ್ವ್‌ನ ಬುಡವನ್ನು ಬಗ್ಗಿ ನೋಡು. ಅಗ್ಗದ ಹಲವು ಪೆಟ್ಟಿಗೆಗಳಲ್ಲಿ ಅಲ್ಲೊಂದು ಕಿತ್ತಳೆ ಎಲ್‌ಇಡಿ ಕೂತಿರುತ್ತದೆ. ನಾವು ಕಾದ ತಂತಿಯ ಹೊಳಪೆಂದು ಮರುಳಾಗುವುದು ಅದಕ್ಕೆ. ಸ್ವಿಚ್ ಒತ್ತಿದ ಕ್ಷಣವೇ ಝಗ್ಗನೆ ಬೆಳಗಿತೋ, ಅನುಮಾನಿಸು. ನಿಜವಾದ ವಾಲ್ವ್ ನಿಧಾನವಾಗಿ ಕೆಂಪಾಗುತ್ತದೆ. ಇದಕ್ಕೆ ಹೋಲಿಸಿದರೆ ಸರೆಗಮ ಕಂಪನಿ 2017ರಲ್ಲಿ ತಂದ ಕಾರವಾನ್ ಎಂಬ ಹಾಡಿನ ಪೆಟ್ಟಿಗೆ ಎಷ್ಟೋ ಮೇಲು. ಅದೂ ಹಳೆಯ ಟ್ರಾನ್ಸಿಸ್ಟರ್ ವೇಷವೇ, ಆದರೆ ಗುಂಡಿ ತಿರುಗಿಸಿದರೆ ಹಾಡು ಬದಲಾಗುತ್ತದೆ, ಮೊಬೈಲ್ ಎಂದರೆ ದೂರ ಸರಿಯುವ ನನ್ನ ತಾಯಿಯೂ ಯಾರನ್ನೂ ಕೇಳದೆ ಹಚ್ಚಿಕೊಳ್ಳುತ್ತಾರೆ.

ಇಷ್ಟೆಲ್ಲ ಹುಡುಕುವ ನೀನು ಅಟ್ಟದಲ್ಲಿರುವ ಅಜ್ಜನ ಮರ್ಫಿ ರೇಡಿಯೋವನ್ನು ಮರೆತೇಬಿಟ್ಟೆಯಲ್ಲ! ಅದನ್ನು ಇಳಿಸು. ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಎಷ್ಟೋ ಮಳೆ ಕಂಡ ಪೆಟ್ಟಿಗೆ. ಬೂಷ್ಟು ಹಿಡಿದಿರುತ್ತದೆ, ಸ್ಪೀಕರಿನ ಕಾಗದ ಮೆತ್ತಗಾಗಿರುತ್ತದೆ, ಮುಳ್ಳನ್ನು ಎಳೆಯುವ ದಾರ ಕಡಿದಿದ್ದರೂ ಆಶ್ಚರ್ಯವಿಲ್ಲ. ಇವೆಲ್ಲ ಸರಿಪಡಿಸಬಹುದಾದವು. ವಿದ್ಯುತ್ತನ್ನು ಹಿಡಿದಿಡುವ ಮೇಣದ ಕಾಗದದ ಕೆಪಾಸಿಟರ್‌ಗಳಿದ್ದರೆ ತೇವ ಕುಡಿದು ಕರೆಂಟ್ ಸೋರಿಸುತ್ತಿರುತ್ತವೆ. ಒಂದೂ ಬಿಡದೆ ಬದಲಿಸಬೇಕು. ಮರವನ್ನು ಮಾತ್ರ ಯಾರಿಗೂ ಪಾಲಿಶ್ ಹಾಕಲು ಕೊಡಬೇಡ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಒಂದು ತೊಡಕಿದೆ. ನಮ್ಮ ಮಡಿಕೇರಿ ಆಕಾಶವಾಣಿ ಬರುವುದು 103.1ರ ಎಫ್‌ಎಂನಲ್ಲಿ. ಅಜ್ಜನ ಸೆಟ್ಟಿನಲ್ಲಿರುವುದು ಮೀಡಿಯಂ ವೇವ್, ಶಾರ್ಟ್ ವೇವ್ ಮಾತ್ರ. ಹಾಗಾಗಿ ಕೊಡವ ತಕ್ಕಿನ, ಎಂದರೆ ಕೊಡವ ಭಾಷೆಯ, ಕಾರ್ಯಕ್ರಮ ಅದಕ್ಕೆ ಸಿಗುವುದಿಲ್ಲ. ಆದರೆ ಹಿಂಬದಿಯಲ್ಲಿ ಗ್ರಾಮಫೋನ್ ಸಿಕ್ಕಿಸಲು ಎರಡು ತೂತುಗಳಿವೆಯೇ ನೋಡು. ಇದ್ದರೆ ಒಂದು ಚಿಕ್ಕ ಎಫ್‌ಎಂ ರೇಡಿಯೋವನ್ನೋ ಮೊಬೈಲನ್ನೋ ಅಲ್ಲಿಗೆ ಜೋಡಿಸಿ, ದನಿಯನ್ನು ಮರ್ಫಿಯ ವಾಲ್ವ್ ಮತ್ತು ಸ್ಪೀಕರಿನಿಂದಲೇ ಹೊರಡಿಸಬಹುದು. ನೀನೇ ಜೋಡಿಸಲು ಹೋಗಬೇಡ. ಎಸಿ-ಡಿಸಿ ಎರಡಕ್ಕೂ ನಡೆಯುವ ಸೆಟ್ಟಾಗಿದ್ದರೆ ಒಳಗಿನ ಲೋಹದ ಚೌಕಟ್ಟಿಗೇ ಕರೆಂಟ್ ಬರಬಹುದು. ನಡುವೆ, ಕರೆಂಟ್ ನೇರವಾಗಿ ದಾಟದಂತೆ ತಡೆಯುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಮುಂದಿನ ಭಾನುವಾರ ಮೀಟರ್, ಸೀರೀಸ್ ಬಲ್ಬ್ ಎರಡನ್ನೂ ತರುತ್ತೇನೆ. ಬಲ್ಬಿನ ಮೂಲಕ ಕರೆಂಟ್ ಕೊಟ್ಟರೆ ಒಳಗೆ ಶಾರ್ಟ್ ಇದ್ದರೂ ಬಲ್ಬ್ ಪ್ರಖರವಾಗಿ ಉರಿಯುತ್ತದೆ, ಸೆಟ್ಟು ಸುಡುವುದಿಲ್ಲ. ಅಲ್ಲಿಯವರೆಗೆ ಪ್ಲಗ್ಗಿಗೆ ಸಿಕ್ಕಿಸಿ ಕೌತುಕ ನೋಡಬೇಡ. ಹಿಂಬದಿಯ ಹಲಗೆ ಬಿಚ್ಚಿ, ಇಲಿ ಗೂಡು ಕಟ್ಟಿದೆಯೇ ಎಂದಷ್ಟೇ ನೋಡಿ, ಒಂದು ಫೋಟೋ ಕಳುಹಿಸು. ವಾಲ್ವ್‌ಗಳ ಮೇಲಿನ ನಂಬರ್ ಓದುವಂತಿರಲಿ. ಉಜ್ಜಬೇಡ, ಅಕ್ಷರ ಅಳಿಸಿಹೋಗುತ್ತದೆ.

ಇಂತಿ ನಿನ್ನ,
ವಿರಾಜಪೇಟೆಯ ಗೆಳೆಯ